ಜೀಪಿನ ಕುಲಗೋತ್ರ

ಹಳೆಯ ಮಿಲಿಟರಿ ವಾಹನದ ಹುಚ್ಚು ಹಿಡಿದವರೆಲ್ಲ ಮೊದಲು ಕಣ್ಣು ಹಾಕುವುದು ಟ್ಯಾಂಕಿನ ಮೇಲೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆಸೆಗೆ ತೂಕವಿಲ್ಲ. ಟ್ಯಾಂಕಿಗೆ ಇದೆ. ಶರ್ಮನ್ ಟ್ಯಾಂಕ್ ಸುಮಾರು ಮೂವತ್ತು ಟನ್ ತೂಗುತ್ತದೆ ಎಂದು ಓದಿದ ದಿನ ಅಂಗಳದ ಚಪ್ಪಡಿ ಕಲ್ಲು, ಅದರಡಿಯ ನೀರಿನ ಪೈಪು, ನೆರೆಯವರ ಸಹನೆ ಎಲ್ಲವೂ ಒಟ್ಟಿಗೆ ನೆನಪಾದವು. ಅಲ್ಲಿಂದ ಆಸೆ ಮೆಟ್ಟಿಲಿಳಿಯಲು ಶುರುಮಾಡಿತು. ಮುಂದೆ ಚಕ್ರ, ಹಿಂದೆ ಸರಪಳಿ ಇರುವ ಹಾಫ್‌ಟ್ರ್ಯಾಕ್. ಅದಾದ ಮೇಲೆ ಜಿಎಂಸಿ ಲಾರಿ. ಎರಡನೇ ಮಹಾಯುದ್ಧದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಆ ಎರಡೂವರೆ ಟನ್ ಹೊರುವ ಲಾರಿಗೆ ನಾನು ಮನಸೋತಿದ್ದೆ. ಉದ್ದ ಆರೂವರೆ ಮೀಟರ್. ಹೆಂಡತಿ ಟೇಪು ತಂದು ಗೇಟಿನಿಂದ ಗೋಡೆಯವರೆಗೆ ಅಳೆದಳು.

“ಲಾರಿ ಹಿಡಿಸುತ್ತದೆ. ನಾವು ಬೇರೆ ಮನೆ ನೋಡಿಕೊಳ್ಳಬೇಕು, ಅಷ್ಟೆ” ಎಂದಳು.

ನಡುವೆ ಸ್ವಲ್ಪ ಕಾಲ ಬ್ರಿಟಿಷರ ಫೆರೆಟ್ ಎಂಬ ಪುಟ್ಟ ಕವಚದ ಗಾಡಿ ತಲೆ ಕೆಡಿಸಿತ್ತು. ಅದಕ್ಕೆ ಮುಂದಕ್ಕೆ ಐದು ಗೇರು, ಹಿಂದಕ್ಕೂ ಐದು ಗೇರು. ಹೊಂಚಿ ನೋಡಿ ಬರಲು ಹೋದವರು ಶತ್ರು ಕಂಡ ಕೂಡಲೇ ಬಂದ ವೇಗದಲ್ಲೇ ಹಿಂದೆ ಸರಿಯಲಿ ಎಂದು. ನೆಂಟರ ಮದುವೆಗಳಲ್ಲಿ ಈ ಸೌಲಭ್ಯ ನನಗೆ ಬಹಳ ಸಲ ಬೇಕೆನಿಸಿದೆ. ಗೆಳೆಯನೊಬ್ಬನ ಬಳಿ ಫೆರೆಟ್ ಇದೆ. ಒಂದು ಸುತ್ತು ಕರೆದೊಯ್ದ. ಅದರ ಗೇರಿನ ಪದ್ಧತಿಯೇ ಬೇರೆ: ಮೊದಲು ಸನ್ನೆಕೋಲಿನಲ್ಲಿ ಗೇರನ್ನು ಆರಿಸಿಟ್ಟುಕೊಳ್ಳಬೇಕು, ಬೇಕಾದಾಗ ಪೆಡಲ್ ತುಳಿಯಬೇಕು. ಅರೆಮನಸ್ಸಿನಿಂದ ತುಳಿದರೆ ಪೆಡಲ್ ತಿರುಗಿ ಒದೆಯುತ್ತದೆ. ಗೆಳೆಯನ ಎಡಗಾಲು ಈಗ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವುದಿಲ್ಲ. ಇನ್ನೊಂದು ತೊಡಕೂ ಇದೆ. ಡಾಂಬರು ರಸ್ತೆಯಲ್ಲಿ ಓಡುತ್ತಿದ್ದರೆ ನಾಲ್ಕೂ ಚಕ್ರಗಳ ಷಾಫ್ಟುಗಳಲ್ಲಿ ಬಿಗಿತ ತುಂಬಿಕೊಳ್ಳುತ್ತದೆ. ಅದನ್ನು ಬಿಡಿಸಲು ಆಗಾಗ ಒಂದು ಚಕ್ರವನ್ನು ರಸ್ತೆಯ ಅಂಚುಕಲ್ಲಿನ ಮೇಲೆ ಹತ್ತಿಸಿ ಇಳಿಸಬೇಕು. ಗೆಳೆಯ ಶಾಸ್ತ್ರೋಕ್ತವಾಗಿಯೇ ಹತ್ತಿಸಿದ. ಪಾದಚಾರಿ ಮಾರ್ಗದಲ್ಲಿ ನಾಯಿ ಹಿಡಿದು ನಡೆಯುತ್ತಿದ್ದ ಹಿರಿಯರಿಗೆ ಆ ಶಾಸ್ತ್ರ ತಿಳಿದಿರಲಿಲ್ಲ. ಅವರು ಆಡಿದ ಮಾತು ಉಕ್ಕಿನ ಕವಚವನ್ನೂ ದಾಟಿ ಒಳಗೆ ಸ್ಪಷ್ಟವಾಗಿ ಕೇಳಿಸಿತು.

ಹೀಗೆ ಇಳಿಯುತ್ತ ಇಳಿಯುತ್ತ ಎಲ್ಲರೂ ತಲುಪುವ ಕೊನೆಯ ಮೆಟ್ಟಿಲೇ ಜೀಪು. ಗೇಟಿನಲ್ಲಿ ತೂರುತ್ತದೆ, ಬಿಡಿಭಾಗ ಸಿಗುತ್ತದೆ, ಮೆಕ್ಯಾನಿಕ್ ನೋಡಿದೊಡನೆ ನಮಸ್ಕಾರ ಹೇಳಿ ಹೊರಟುಹೋಗುವುದಿಲ್ಲ. ಇಂಥ ವಾಹನ ಆರಿಸುವವರಿಗೆ ಇಷ್ಟೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶೌರ್ಯ, ಇತಿಹಾಸ ಎಲ್ಲ ಆಮೇಲೆ.

ಆದರೆ ಮಾರುವವರು ಇತಿಹಾಸದಿಂದಲೇ ಶುರುಮಾಡುತ್ತಾರೆ. “ಇದು ನಾರ್ಮಂಡಿಯಲ್ಲಿ ಇಳಿದ ಗಾಡಿ ಸಾರ್” ಎಂದರು ನನಗೆ ಮಾರಿದವರು. ನಾನು ನೋಡಿದ ಪ್ರತಿ ಜೀಪೂ ನಾರ್ಮಂಡಿಯಲ್ಲೇ ಇಳಿದಿತ್ತು, ಅದೂ ಮಿತ್ರಪಡೆಗಳು ಫ್ರಾನ್ಸಿನ ಆ ಕಡಲತೀರಕ್ಕೆ ಇಳಿದ 1944ರ ಜೂನ್ 6ರಂದೇ. ಯುದ್ಧಕಾಲದಲ್ಲಿ ವಿಲ್ಲಿಸ್ ಕಂಪನಿ ಸುಮಾರು 3.6 ಲಕ್ಷ, ಫೋರ್ಡ್ ಕಂಪನಿ ಸುಮಾರು 2.8 ಲಕ್ಷ ಜೀಪು ತಯಾರಿಸಿದವು. ಮಾರುವವರ ಮಾತನ್ನೆಲ್ಲ ಕೂಡಿಸಿದರೆ ಆ ದಿನ ಕಡಲತೀರದಲ್ಲಿ ಸೈನಿಕರಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. “ನೋಡಿ, ಪ್ಲೇಟಿನಲ್ಲಿ ದಿನಾಂಕವೇ ಇದೆ” ಎಂದು ಡ್ಯಾಶ್‌ಬೋರ್ಡ್ ತೋರಿಸಿದರು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಎಂಬತ್ತು ವರ್ಷ ಹಳೆಯ ಗಾಡಿಯಲ್ಲಿ ಅಷ್ಟು ಹೊಳೆಯುವ ವಸ್ತುವನ್ನು ಕಂಡರೆ ಮೊದಲು ಅನುಮಾನಪಡಬೇಕು. ದಿನಾಂಕದ ಜಾಗ ಖಾಲಿ ಬಿಟ್ಟ ಹೊಸ ಪ್ಲೇಟುಗಳು ಬಿಡಿಭಾಗ ಮಾರುವವರ ಬಳಿ ಸಿಗುತ್ತವೆ. ಇಷ್ಟವಾದ ದಿನ ಕೊರೆಸಿಕೊಳ್ಳಬಹುದು.

ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ಜೀಪಿನವರು ಕೇಳದೆ ಬಿಡುವುದಿಲ್ಲ. ವಿಲ್ಲಿಸ್ ತಯಾರಿಸಿದ್ದು ಎಂಬಿ, ಫೋರ್ಡ್ ತಯಾರಿಸಿದ್ದು ಜಿಪಿಡಬ್ಲ್ಯು. ಹೊರಗಿನ ಚಹರೆ ಒಂದೇ, ಒಂದರ ಭಾಗ ಇನ್ನೊಂದಕ್ಕೆ ಕೂರಬೇಕೆಂಬುದೇ ಅಮೆರಿಕದ ಸೇನೆಯ ಷರತ್ತು. ಭೇದ ತಿಳಿಯಲು ಬಾಗಬೇಕು. ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಪಟ್ಟಿಗಳನ್ನು ಸೇರಿಸುವ ಅಡ್ಡಪಟ್ಟಿ ಇರುತ್ತದೆ. ಅದು ದುಂಡಗೆ ಕೊಳವೆಯಂತಿದ್ದರೆ ವಿಲ್ಲಿಸ್. ಚೌಕ ಮೈಯದಾಗಿದ್ದರೆ ಫೋರ್ಡ್. ನಾನು ಕೈ ಹಾಕಿ ಸವರಿದೆ. ಜಿಡ್ಡು, ಮಣ್ಣು, ಯಾವುದೋ ಹುಳುವಿನ ಗೂಡು, ಅದರಾಚೆ ಒಂದು ಸ್ಪಷ್ಟವಾದ ಮೂಲೆ. ಫೋರ್ಡ್! ಬೋಲ್ಟುಗಳ ತಲೆಯನ್ನು ಉಜ್ಜಿದೆ. ತನ್ನ ಭಾಗಗಳ ಮೇಲೆಲ್ಲ ಫೋರ್ಡ್ ಒತ್ತಿಸುತ್ತಿದ್ದ ಬಾಗಿದ ‘ಎಫ್’ ಒಂದೊಂದಾಗಿ ಮೇಲೆದ್ದಿತು. ಎಡಗಡೆಯ ಪಟ್ಟಿಯ ಮೇಲ್ಮೈಯನ್ನು ವೈರ್ ಬ್ರಷ್ಷಿನಿಂದ ತಿಕ್ಕಿದಾಗ ಚಾಸಿ ನಂಬರೂ ಸಿಕ್ಕಿತು. ವಿಲ್ಲಿಸ್ ಆಗಿದ್ದರೆ ಆ ನಂಬರು ಒಳಬದಿಗೆ ರಿವೆಟ್ ಹೊಡೆದ ಸಣ್ಣ ಪ್ಲೇಟಿನಲ್ಲಿರುತ್ತಿತ್ತು. ಅಂತೂ ಫೋರ್ಡ್ ಎಂದು ಮನೆಯಲ್ಲಿ ಘೋಷಿಸಿದೆ. ಯಾರೂ ಊಟ ನಿಲ್ಲಿಸಲಿಲ್ಲ.

ಮರುದಿನ ಆಯಿಲ್ ಫಿಲ್ಟರಿನ ಹಿಂದೆ ಎಂಜಿನ್ ನಂಬರು ನೋಡಿದರೆ ಅದು ‘ಎಂಬಿ’ ಎಂದು ಶುರುವಾಗುತ್ತಿತ್ತು. ಫೋರ್ಡ್ ಮೈಯೊಳಗೆ ವಿಲ್ಲಿಸ್ ಹೃದಯ. ಬಾಡಿಯಾದರೂ ಒಂದು ಪಕ್ಷ ವಹಿಸೀತೇ ಎಂದು ನೋಡಿದೆ. 1942ರವರೆಗಿನ ಗಾಡಿಗಳ ಹಿಂಭಾಗದ ಎಡ ಮೂಲೆಯಲ್ಲಿ ಕಂಪನಿಯ ಹೆಸರು ಉಬ್ಬಿ ನಿಂತಿರುತ್ತಿತ್ತು. ಸರ್ಕಾರ ಅದನ್ನು ನಿಲ್ಲಿಸಿಬಿಟ್ಟಿತು. 1944ರಿಂದ ಇಬ್ಬರೂ ಒಂದೇ ನಮೂನೆಯ ಬಾಡಿ ಹಾಕತೊಡಗಿದರು. ನನ್ನದು ಆ ನಮೂನೆ, ಬಾಯಿ ಬಿಡುವುದಿಲ್ಲ. ವಾಹನ ತಜ್ಞರಾದ ಪರಿಚಯದವರೊಬ್ಬರು ಇದನ್ನೆಲ್ಲ ಕೇಳಿ, ಮರಣವಾರ್ತೆ ಕೇಳಿದವರ ಮುಖ ಮಾಡಿ, “ಮಿಶ್ರ” ಎಂದು ನಿಟ್ಟುಸಿರಿಟ್ಟರು. ನನಗೇನೂ ದುಃಖವಾಗಲಿಲ್ಲ. ಸೇನೆಯ ದುರಸ್ತಿ ಡಿಪೋಗಳಲ್ಲಿ ಎಂಜಿನ್ನುಗಳನ್ನು ಒಂದು ಕಡೆ, ಬಾಡಿಗಳನ್ನು ಇನ್ನೊಂದು ಕಡೆ ರಾಶಿ ಹಾಕಿ, ಕೈಗೆ ಸಿಕ್ಕಿದ್ದನ್ನು ಕೂಡಿಸಿ ಹೊರಗೆ ಓಡಿಸುತ್ತಿದ್ದರು. ಹಾಗೆ ಬೆರೆತ ಜೀಪೇ ನಿಜವಾಗಿ ದುಡಿದ ಜೀಪು. ಶುದ್ಧ ಜೀಪು ತೋರಿಸುವವರನ್ನು ಕಂಡರೆ ಅದನ್ನು ಯಾವ ವರ್ಷ ಶುದ್ಧ ಮಾಡಿದಿರಿ ಎಂದು ಕೇಳಬೇಕೆನಿಸುತ್ತದೆ.

ಈ ವಿದ್ಯೆ ತಲೆಗೇರಿದ ಮೇಲೆ ನೆಮ್ಮದಿ ಇರುವುದಿಲ್ಲ. ದಾರಿಯಲ್ಲಿ ಯಾವ ಜೀಪು ಎದುರಾದರೂ ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸುತ್ತೇನೆ. ಒಂಬತ್ತಿದ್ದರೆ ಯುದ್ಧಕಾಲದ್ದು, ಏಳಿದ್ದು, ಹೆಡ್‌ಲೈಟು ದೊಡ್ಡದಾಗಿ, ಹಿಂದೆ ತೆರೆಯುವ ಬಾಗಿಲಿದ್ದರೆ 1945ರಿಂದ ರೈತರಿಗೆಂದು ಬಂದ ಸಿಜೆ ಎಂಬ ನಾಗರಿಕ ಜೀಪು. ಹಸಿರು ಬಳಿದು ಬಾನೆಟ್ಟಿನ ಮೇಲೆ ನಕ್ಷತ್ರ ಬರೆದರೆ ಸಿಜೆಯೂ ನಾರ್ಮಂಡಿಗೆ ಹೋಗಿಬರುತ್ತದೆ. ಒಮ್ಮೆ ಪ್ರದರ್ಶನದಲ್ಲಿ ಜರ್ಮನ್ ಸಮವಸ್ತ್ರ ತೊಟ್ಟ ಒಬ್ಬರು ತಮ್ಮ ಕ್ಯೂಬೆಲ್‌ವಾಗನ್, ಅಂದರೆ ಯುದ್ಧಕಾಲದ ಜರ್ಮನ್ ಸೇನೆಯ ಜೀಪಿನಂಥ ಗಾಡಿಯ, ಪಕ್ಕದಲ್ಲಿ ಸೆಟೆದು ನಿಂತಿದ್ದರು. ಅದು ಯುದ್ಧ ಮುಗಿದು ಎರಡು ದಶಕ ಕಳೆದ ಮೇಲೆ ಬಂದ ಫೋಕ್ಸ್‌ವ್ಯಾಗನ್ 181. ನಾನು ಏನೂ ಹೇಳಲಿಲ್ಲ. ಅವರ ಸೊಂಟದಲ್ಲಿ ಪಿಸ್ತೂಲಿತ್ತು, ಅದಾದರೂ ಯಾವ ಕಾಲದ್ದೋ ಗೊತ್ತಿರಲಿಲ್ಲ.

ಗುರುತು ಹಿಡಿಯುವುದು ಹೇಗೋ ಮುಗಿಯಬಹುದು, ಇಟ್ಟುಕೊಳ್ಳುವುದು ಮುಗಿಯುವಂಥದ್ದಲ್ಲ. ಪೆಟ್ರೋಲ್ ಬಂಕಿನ ಹುಡುಗ ಮುಚ್ಚಳ ಹುಡುಕಿಕೊಂಡು ಗಾಡಿಗೆ ಪ್ರದಕ್ಷಿಣೆ ಬರುತ್ತಾನೆ. ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ನಾನು ಎದ್ದು, ಕುಳಿತ ಮೆತ್ತೆಯನ್ನೇ ಎತ್ತಿ ತೋರಿಸಬೇಕು. ಅವನು ಒಮ್ಮೆ ಪೆಟ್ರೋಲನ್ನೂ ಒಮ್ಮೆ ನನ್ನನ್ನೂ ನೋಡಿ, “ನೀವು ಇದರ ಮೇಲೇ ಕೂರುತ್ತೀರಾ?” ಎನ್ನುತ್ತಾನೆ. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿರುತ್ತವೆ.

ಪಂಕ್ಚರ್ ಅಂಗಡಿಯಲ್ಲಿ ನಾನು ಸದಾ ಕಾವಲು ನಿಲ್ಲುತ್ತೇನೆ. ಇದರ ರಿಮ್ಮು ಎರಡು ಹೋಳು, ನಟ್ಟುಗಳಿಂದ ಬಿಗಿದದ್ದು. ಟಯರಿನಲ್ಲಿ ಗಾಳಿಯಿರುವಾಗ ಆ ನಟ್ಟುಗಳನ್ನು ಬಿಚ್ಚಿದರೆ ಹೋಳುಗಳು ಸಿಡಿದು ಆಳನ್ನು ಕೊಲ್ಲಬಹುದು. ಚಕ್ರ ಕಳಚುವ ನಟ್ಟುಗಳು ನಡುವೆ ಬೇರೆ ಇವೆ. ಉತ್ಸಾಹಿ ಹುಡುಗರು ಪಾನಾ ಹಿಡಿದು ಬರುವುದು ಮಾತ್ರ ನೇರ ಹೊರಗಿನ ಸುತ್ತಿಗೇ. ಅಲ್ಲಿ ನಾನು ಕೂಗಿದ್ದು ಕೇಳಿ ಎದುರಿನ ಅಂಗಡಿಯವರು ಷಟರ್ ಎಳೆದದ್ದುಂಟು.

ಇನ್ನು ಪರೋಪಕಾರಿಗಳು. ಈ ಜೀಪಿನದು ಆರು ವೋಲ್ಟಿನ ವಿದ್ಯುತ್ತು. ಒಂದು ಸಂಜೆ ಬ್ಯಾಟರಿ ಸೊರಗಿ ನಿಂತಾಗ ನಾನು ಕ್ರ್ಯಾಂಕ್ ಹ್ಯಾಂಡಲ್ ತರಲು ಹಿಂದಕ್ಕೆ ಹೋಗಿದ್ದೆ. ಅಷ್ಟರಲ್ಲಿ ಮಹನೀಯರೊಬ್ಬರು ತಮ್ಮ ಕಾರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ತಂತಿ ಎಳೆದು ಸಿಕ್ಕಿಸಿಯೇಬಿಟ್ಟರು. ಹೆಡ್‌ಲೈಟುಗಳು ಹುಟ್ಟಿದಾಗಿನಿಂದ ಕೊಟ್ಟಿರದಷ್ಟು ಬೆಳಕು ಕೊಟ್ಟವು. “ಆಹಾ!” ಎಂದರು ಮಹನೀಯರು. ಆಮೇಲೆ ಕತ್ತಲೆ. ಈ ಜೀಪಿನ ಹೆಡ್‌ಲೈಟನ್ನು ಕೀಲಿನ ಮೇಲೆ ಹಿಂದಕ್ಕೆ ಮಗುಚಿದರೆ ಎಂಜಿನ್ನಿಗೇ ಬೆಳಕು ಬೀಳುತ್ತದೆ, ರಾತ್ರಿ ರಿಪೇರಿಗೆಂದು ಮಾಡಿದ ಏರ್ಪಾಡು. ಅದನ್ನು ಅವರಿಗೆ ಬಾಯಲ್ಲೇ ವರ್ಣಿಸಿದೆ.

ಮೊನ್ನೆ ಹಳೆಯ ವಾಹನಗಳ ಪ್ರದರ್ಶನಕ್ಕೆ ಹೆಸರು ಕೊಡಲು ಹೋಗಿದ್ದೆವು. ಅರ್ಜಿಯಲ್ಲಿ ‘ತಯಾರಕರು’ ಎಂಬುದರ ಮುಂದೆ ಒಂದೇ ಒಂದು ಗೆರೆ. ಚಾಸಿ, ಎಂಜಿನ್, ಬಾಡಿ, 1944 ಎಂದು ಮೇಜಿನ ಆಚೆಯ ಹುಡುಗಿಗೆ ವಿವರಿಸತೊಡಗಿದೆ. ಹೆಂಡತಿ ಪೆನ್ನು ಕಿತ್ತುಕೊಂಡು ‘ಇಬ್ಬರೂ’ ಎಂದು ಬರೆದಳು. ಬಣ್ಣದ ಮುಂದೆ ‘ಹಸಿರು’ ಎಂದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರು, “ಯಾವ ಹಸಿರು?” ಎಂದು ಒಟ್ಟಿಗೇ ಕೇಳಿದರು. ನಾವು ಹೊರಗೆ ಬರುವ ಹೊತ್ತಿಗೆ ಅವರಲ್ಲೊಬ್ಬರು ತಮ್ಮ ಗಾಡಿಯಿಂದ ಬಣ್ಣದ ಡಬ್ಬಿ ತರಲು ಓಡುತ್ತಿದ್ದರು.