ಬರೀ ಸೆನ್ಸರ್ ಸಾರ್
ನಿನ್ನೆ ನೋಡಲು ಹೋದದ್ದು ಈ ವರ್ಷದ ಏಳನೆಯ ಹಳೆಯ ಕಾರು. 1,80,000 ಕಿಲೋಮೀಟರ್ ಓಡಿದ ಆ ಪೆಟ್ರೋಲ್ ಗಾಡಿಗೆ, ಕಾರಿನ ಕಂಪ್ಯೂಟರು ಗುರುತಿಸಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿದೊಡನೆ ಪಿ0300, ಪಿ0420 ಎಂದು ದೋಷದ ಕೋಡುಗಳು ಮದುವೆಮನೆಯ ನೆಂಟರಂತೆ ಒಂದರ ಹಿಂದೊಂದು ಬಂದವು. ಮಾರುವವರು ಮಾತ್ರ ‘ಬರೀ ಸೆನ್ಸರ್ ಸಾರ್, ಎಂಜಿನ್ ಬೆಣ್ಣೆ’ ಎನ್ನುತ್ತಾ ಬಾನೆಟ್ ಸವರಿದರು. ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದೂ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿದೆಯೆಂದೂ ಕಾರೇ ಬಾಯಿಬಿಟ್ಟು ಗೋಳಾಡುತ್ತಿರುವಾಗ ಪಾಪದ ಸೆನ್ಸರನ್ನೇ ಏಕೆ ಬಲಿಕೊಡಬೇಕು? ಹಾಗೆ ನೋಡಿದರೆ ಇವರೇ ಪ್ರಾಮಾಣಿಕರು. ಕಳೆದ ವಾರದವರು ನಾನು ತಲುಪುವ ಮುನ್ನವೇ ಕೋಡುಗಳನ್ನೆಲ್ಲ ಅಳಿಸಿ, ಆಮೇಲೆ ಕಾರು ಹೊಸದಾಗಿ ಮಾಡಿಕೊಳ್ಳಬೇಕಾದ ಸ್ವಯಂಪರೀಕ್ಷೆಗಳಲ್ಲಿ ಒಂದೂ ಮುಗಿಯದ ಗಾಡಿಯನ್ನು ‘ಕ್ಲೀನ್ ಪೀಸ್’ ಎಂದು ಮುಂದಿಟ್ಟಿದ್ದರು. ಏಳಕ್ಕೆ ಏಳೂ ‘ಡಾಕ್ಟರ್ ಓಡಿಸಿದ ಗಾಡಿ’ಗಳೇ; ಇಷ್ಟೊಂದು ಕಿಲೋಮೀಟರ್ ಸುತ್ತುವ ವೈದ್ಯರು ರೋಗಿಗಳನ್ನು ನೋಡುವುದಾದರೂ ಯಾವಾಗ?