ತಿನ್ನುವವರು ಬದಲಾದರೆ ಆಹಾರ ವ್ಯವಸ್ಥೆ ಬದಲಾಗುತ್ತಾ?

ಮಣ್ಣು ಕೆಡದ ಹಾಗೆ ಬೆಳೆಯಬೇಕು, ಮೈ ಕೆಡದ ಹಾಗೆ ಉಣ್ಣಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಹಾರದ ಲೆಕ್ಕಕ್ಕೇ ಸೇರುತ್ತದೆ. ಬೆಳೆಯುವುದು, ಸಾಗಿಸುವುದು, ಪ್ಯಾಕ್ ಮಾಡುವುದು, ಕೊನೆಗೆ ಕಸಕ್ಕೆ ಹಾಕುವುದು, ಎಲ್ಲ ಕೂಡಿ. ನದಿ, ಕೆರೆ, ಅಂತರ್ಜಲದಿಂದ ನಾವು ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ. 70 ಕೃಷಿಗೆ ಹೋಗುತ್ತದೆ. ಇದನ್ನು ಸರಿದಾರಿಗೆ ತರಲು ರೈತರು, ವೈದ್ಯರು, ಅಡುಗೆಯವರು, ಅಧಿಕಾರಿಗಳು ದುಡಿಯುತ್ತಿದ್ದಾರೆ. ಆದರೆ ಅವರೊಳಗೇ ಒಂದು ವಾದ ಮುಗಿದಿಲ್ಲ. ಕೆಲಸವನ್ನು ಎಲ್ಲಿಂದ ಹಿಡಿಯಬೇಕು? ಕೊಂಡು ತಿನ್ನುವ ನಮ್ಮ ನಿಮ್ಮಂಥವರಿಂದಲಾ, ಇಲ್ಲ ಕಾನೂನು, ತೆರಿಗೆ, ಸರ್ಕಾರದ ಖರೀದಿಯಿಂದಲಾ? ಎರಡೂ ಕಡೆಯವರ ವಾದವನ್ನು ಅವರವರ ಮಾತಿನಲ್ಲೇ ಕೇಳೋಣ.

ಪರ: ಮೊದಲು ಬದಲಾಗಬೇಕಾದ್ದು ಕೊಳ್ಳುವ ಕೈ

1965ರಲ್ಲಿ ಟೋಕಿಯೋದ ಒಂದು ಭಾಗದಲ್ಲಿ ಸುಮಾರು 200 ಗೃಹಿಣಿಯರು ಒಟ್ಟಾದರು. ಅವರಿಗೆ ಬೇಕಿದ್ದದ್ದು ಹಾಲು. ಒಬ್ಬೊಬ್ಬರೇ ಅಂಗಡಿಗೆ ಹೋಗುವ ಬದಲು ಎಲ್ಲರೂ ಸೇರಿ 300 ಬಾಟಲಿ ಹಾಲು ಕೊಂಡರು. ಶುರುವಾದದ್ದು ಇಷ್ಟರಿಂದಲೇ. ಅದೇ ಮುಂದೆ ಸೇಕಾತ್ಸು ಕ್ಲಬ್ ಅನ್ನುವ ಸಹಕಾರ ಸಂಘವಾಯಿತು. ಇವತ್ತು ಅದರಲ್ಲಿ ಲಕ್ಷಾಂತರ ಸದಸ್ಯರಿದ್ದಾರೆ. ಏನು ಬೆಳೆಯಬೇಕು, ಏನು ಸಿಂಪಡಿಸಬಾರದು, ಯಾವುದನ್ನು ಬೆರೆಸಬಾರದು ಅಂತ ಅವರೇ ಬೆಳೆಗಾರರ ಜೊತೆ ಕೂತು ಮಾತಾಡುತ್ತಾರೆ. ಯಾವ ಸರ್ಕಾರವೂ ಇದನ್ನು ಮಾಡಿ ಅಂತ ಅವರಿಗೆ ಹೇಳಿರಲಿಲ್ಲ.

ಅದೇ ಜಪಾನಿನಲ್ಲಿ 1970ರ ದಶಕದಲ್ಲಿ ಟೇಕೆ ಅನ್ನುವ ಪದ್ಧತಿ ಬೆಳೆಯಿತು. ತಿನ್ನುವವರು ಮತ್ತು ಬೆಳೆಯುವವರು ನೇರವಾಗಿ ಮಾಡಿಕೊಳ್ಳುವ ಒಪ್ಪಂದ ಅದು. ಕೀಟನಾಶಕದ ಭಯದಿಂದ ಒಳ್ಳೆಯ ಆಹಾರ ಹುಡುಕುತ್ತಿದ್ದ ತಾಯಂದಿರು ಇದಕ್ಕೆ ದೊಡ್ಡ ಬಲವಾದರು. ಇಂಥದೇ ಯೋಚನೆ ಯುರೋಪಿನಲ್ಲೂ ಹುಟ್ಟಿತ್ತು. ಅಲ್ಲಿಂದ ಅಮೆರಿಕಕ್ಕೆ ಹೋಗಿ, 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ಜಮೀನುಗಳಲ್ಲಿ ಬೇರು ಬಿಟ್ಟಿತು. ಅಲ್ಲಿ ಜನ ಹಂಗಾಮಿನ ಮೊದಲೇ ದುಡ್ಡು ಕೊಡುತ್ತಾರೆ. ಬೆಳೆ ಬಂದ ಮೇಲೆ ಪಾಲು ಪಡೆಯುತ್ತಾರೆ. ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ? ಆ ನಷ್ಟವೂ ಎಲ್ಲರದು.

ಈ ಮುಂಗಡದ ದುಡ್ಡು ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ರೈತನಿಗೆ ಮೊದಲ ಎರಡು ಮೂರು ವರ್ಷ ಬಹಳ ಕಷ್ಟದವು. ಇಳುವರಿ ಇಳಿಯುತ್ತದೆ. ಮಣ್ಣು ಚೇತರಿಸಿಕೊಳ್ಳಲು ಟೈಮ್ ಬೇಕು. ಪ್ರಮಾಣಪತ್ರವೂ ಕೂಡಲೇ ಸಿಗುವುದಿಲ್ಲ. ಅಮೆರಿಕದಲ್ಲಿ ಮೂರು ವರ್ಷ ಕಾಯಬೇಕು. ಅಂದರೆ ಖರ್ಚು ಸಾವಯವದ್ದು, ಸಿಗುವ ಬೆಲೆ ಮಾಮೂಲಿಯದು. ಆ ವರ್ಷಗಳಲ್ಲಿ ಅವನ ಕೈ ಹಿಡಿಯುವವರು ಯಾರು? ಸಾಲ ಕೊಟ್ಟವರು ಕಂತು ಕೇಳುತ್ತಾರೆ. ಸಗಟು ವ್ಯಾಪಾರಿ ಚುಕ್ಕೆ ಇಲ್ಲದ ಹಣ್ಣು ಕೇಳುತ್ತಾನೆ. ಚುಕ್ಕೆ ಇದ್ದರೂ ಪರವಾಗಿಲ್ಲ, ನಿಮ್ಮದೇ ಹಣ್ಣು ಬೇಕು ಅನ್ನುವ ಮನೆಗಳು ಅವನ ಹಿಂದೆ ನಿಂತರೆ ಮಾತ್ರ ಅವನಿಗೆ ಧೈರ್ಯ ಬರುತ್ತದೆ.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಇತಿಹಾಸವನ್ನೊಮ್ಮೆ ನೋಡಬೇಕು. ಬ್ರಿಟನ್ನಿನಲ್ಲಿ ಮಣ್ಣಿನ ಆರೋಗ್ಯಕ್ಕಾಗಿಯೇ ಸಾಯಿಲ್ ಅಸೋಸಿಯೇಷನ್ ಹುಟ್ಟಿದ್ದು 1946ರಲ್ಲಿ. ಅಮೆರಿಕದ ಸಾವಯವ ಕಾನೂನು ಬಂದದ್ದು 1990ರಲ್ಲಿ, ಯುರೋಪಿನದು 1991ರಲ್ಲಿ. ನಡುವಿನ ನಲವತ್ತಕ್ಕೂ ಹೆಚ್ಚು ವರ್ಷ ಈ ಕೆಲಸವನ್ನು ಬದುಕಿಸಿಟ್ಟದ್ದು ಹುಡುಕಿಕೊಂಡು ಹೋಗಿ ಕೊಂಡ ಜನ. ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ನೆದರ್‌ಲ್ಯಾಂಡ್ಸ್‌ನಲ್ಲಿ ಕಾಫಿ ಪೊಟ್ಟಣಕ್ಕೆ ಮೊದಲ ಮುದ್ರೆ ಬಿದ್ದದ್ದು 1988ರಲ್ಲಿ. ಅದಕ್ಕೂ ಯಾವ ಕಾನೂನಿನ ಒತ್ತಡ ಇರಲಿಲ್ಲ.

ಜನರ ಮನಸ್ಸು ಹದವಾಗುವ ಮೊದಲೇ ಮೇಲಿನಿಂದ ಹೇರಿದರೆ ಏನಾಗುತ್ತದೆ? ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಜನ ಗಡಿ ದಾಟಿ ಪಕ್ಕದ ದೇಶದಲ್ಲಿ ಸಾಮಾನು ಕೊಂಡರು. 2013 ಶುರುವಾಗುವಾಗ ಆ ತೆರಿಗೆ ಇರಲಿಲ್ಲ. ಇನ್ನೂ ನೋವಿನ ಕತೆ ಶ್ರೀಲಂಕಾದ್ದು. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿತು. ರೈತರಿಗೆ ತಯಾರಿ ಇರಲಿಲ್ಲ. ಬೇಕಾದಷ್ಟು ಸಾವಯವ ಗೊಬ್ಬರವೂ ಇರಲಿಲ್ಲ. ಇಳುವರಿ ಬಿತ್ತು, ಕೆಲವೇ ತಿಂಗಳಲ್ಲಿ ಆದೇಶ ಸಡಿಲವಾಯಿತು. ಪೆಟ್ಟು ತಿಂದವರು ರೈತರು.

ಇನ್ನೊಂದು ಜಾಗ ಇದೆ. ಅಲ್ಲಿಗೆ ಯಾವ ಕಾನೂನೂ ಕಾಲಿಡಲಾರದು. ಅದು ನಮ್ಮ ಅಡುಗೆಮನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಅಂಗಡಿ, ಹೋಟೆಲ್, ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳದ್ದೇ. ಓದಿದಾಗ ನನಗೆ ಹೊಟ್ಟೆ ಕಲಕಿತು. ಇದನ್ನು ಕಡಿಮೆ ಮಾಡಲು ಹೊಸ ಯಂತ್ರ ಬೇಡ. ಇದ್ದದ್ದನ್ನು ನೋಡಿಕೊಂಡು ಸಾಮಾನು ತರುವುದು, ಮೊದಲು ತಂದದ್ದನ್ನು ಮೊದಲು ಬಳಸುವುದು, ಉಳಿದದ್ದನ್ನು ಮರುದಿನ ತಿನ್ನುವುದು. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ, ಉಳಿಯುತ್ತದೆ. ಒಳ್ಳೆಯ ಊಟದ ಮಾತೆಲ್ಲ ಉಳ್ಳವರಿಗೆ ಮಾತ್ರ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಮತ್ತೆ ಸೇಕಾತ್ಸು ಹೆಂಗಸರ ಕಡೆ ಬರುತ್ತೇನೆ. ಅವರು ಹಾಲಿಗೇ ನಿಲ್ಲಲಿಲ್ಲ. ನೀರು ಕೆಡಿಸುವ ಸಿಂಥೆಟಿಕ್ ಡಿಟರ್ಜೆಂಟ್‌ಗಳ ವಿರುದ್ಧ ನಿಂತರು. ಕೊನೆಗೆ ತಮ್ಮವರನ್ನೇ ಸ್ಥಳೀಯ ಚುನಾವಣೆಗಳಿಗೆ ಕಳಿಸಿದರು. 1979ರಲ್ಲಿ ಮೊದಲ ಸದಸ್ಯೆ ಗೆದ್ದರು. ನಾಲ್ಕು ಜನ ಸೇರಿ ಹಾಲು ಕೊಳ್ಳಲು ಕಲಿತವರಿಗೆ ನಾಲ್ಕು ಜನ ಸೇರಿ ಪ್ರಶ್ನೆ ಕೇಳುವುದೂ ಬಂತು. ಕೊಳ್ಳುವ ಕೈಗೆ ಇಷ್ಟು ದೂರ ಹೋಗುವ ಶಕ್ತಿ ಇದೆ.

ವಿರೋಧ: ಹೊರೆಯನ್ನು ತಿನ್ನುವವರ ತಲೆಗೆ ಕಟ್ಟಬೇಡಿ

ಟ್ರಾನ್ಸ್ ಫ್ಯಾಟ್ ಅನ್ನುವ ಕೊಬ್ಬನ್ನು ನೀವು ಎಂದಾದರೂ ಕಂಡಿದ್ದೀರಾ? ಅದಕ್ಕೆ ಬೇರೆ ಬಣ್ಣ ಇಲ್ಲ, ವಾಸನೆ ಇಲ್ಲ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಅರ್ಧ ಗಟ್ಟಿ ಮಾಡುವಾಗ ಅದು ಹುಟ್ಟುತ್ತದೆ. ಬಿಸ್ಕತ್ತು, ಕರಿದ ತಿಂಡಿ ಜಾಸ್ತಿ ದಿನ ಕೆಡದೆ ಉಳಿಯಲಿ ಅಂತ ಅಂಥ ಎಣ್ಣೆ ಬಳಸುತ್ತಿದ್ದರು. ತಿಂದವರ ಹೃದಯಕ್ಕೆ ಪೆಟ್ಟು. ಎಷ್ಟೇ ಎಚ್ಚರದ ತಾಯಿಯಾದರೂ ಅದನ್ನು ನಾಲಿಗೆಯಲ್ಲಿ ಪತ್ತೆ ಹಚ್ಚಲಾರಳು. 2003ರಲ್ಲಿ ಡೆನ್ಮಾರ್ಕ್ ಕಾನೂನು ಮಾಡಿತು. ನೂರು ಗ್ರಾಂ ಕೊಬ್ಬಿನಲ್ಲಿ ಕಾರ್ಖಾನೆಯ ಟ್ರಾನ್ಸ್ ಫ್ಯಾಟ್ ಎರಡು ಗ್ರಾಂ ಮೀರಬಾರದು, ಅಷ್ಟೇ. ಜನ ಏನನ್ನೂ ಕಲಿಯಬೇಕಾಗಲಿಲ್ಲ, ಏನನ್ನೂ ಬಿಡಬೇಕಾಗಲಿಲ್ಲ. ತಿಂಡಿ ಅದೇ, ಒಳಗಿನ ಎಣ್ಣೆ ಬೇರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎಲ್ಲ ದೇಶಗಳೂ ಮಾಡಿ ಅಂತ ಕರೆ ಕೊಟ್ಟಿತು. ಈಗ 50ಕ್ಕೂ ಹೆಚ್ಚು ದೇಶಗಳಲ್ಲಿ ಗಟ್ಟಿ ನಿಯಮ ಇದೆ.

ಅದೇ ಡೆನ್ಮಾರ್ಕಿನ ಸೋತ ತೆರಿಗೆಯ ಕತೆ ಹೇಳುವವರು ಈ ಗೆದ್ದ ಕಾನೂನನ್ನು ಮರೆಯಬಾರದು ಅಲ್ವಾ?

ಬ್ರಿಟನ್ನಿನಲ್ಲಿ ಸಿಹಿ ಪಾನೀಯದ ಮೇಲೆ ತೆರಿಗೆ ಬರುತ್ತದೆ ಅಂತ 2016ರಲ್ಲಿ ಹೇಳಿದರು. ಜಾರಿಗೆ ಬಂದದ್ದು 2018ರಲ್ಲಿ. ನೂರು ಮಿಲಿಲೀಟರಿಗೆ ಐದು ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಕ್ಕರೆ ಇದ್ದರೆ ತೆರಿಗೆ. ನಡುವಿನ ಎರಡು ವರ್ಷದಲ್ಲಿ ಎಷ್ಟೋ ಕಂಪನಿಗಳು ತಾವಾಗಿಯೇ ಸಕ್ಕರೆ ಇಳಿಸಿದವು. ಅದೇ ಬಾಟಲಿ ಕೊಂಡ ಮಗುವಿನ ಹೊಟ್ಟೆಗೆ ಹೋದ ಸಕ್ಕರೆ ಕಡಿಮೆಯಾಯಿತು. ಚಿಲಿ ದೇಶ 2016ರಲ್ಲಿ ಜಾಸ್ತಿ ಸಕ್ಕರೆ, ಉಪ್ಪು, ಕೊಬ್ಬು ಇರುವ ಪೊಟ್ಟಣಗಳ ಮುಂದೆ ಕಪ್ಪು ಎಂಟುಮೂಲೆಯ ಗುರುತು ಹಾಕಿಸಿತು. ಅಂಥ ಪೊಟ್ಟಣಗಳ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಬೊಂಬೆಗಳನ್ನೂ ತೆಗೆಸಿತು. ಮಗುವಿನ ಹಟದ ಜೊತೆ ಅಂಗಡಿಯಲ್ಲಿ ಒಬ್ಬಳೇ ಗುದ್ದಾಡುತ್ತಿದ್ದ ಅಮ್ಮನಿಗೆ ಕಾನೂನು ಜೊತೆಯಾಯಿತು.

ನೋಡಿ ಆರಿಸಿ ಅನ್ನುತ್ತಾರಲ್ಲ, ಏನನ್ನು ನೋಡುವುದು? 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಒಟ್ಟು ಮಾಡಿತು. ಒಂದೇ ಪದಾರ್ಥವನ್ನು ಇಬ್ಬರು ಬೆಳೆದರೆ, ಒಬ್ಬರಿಂದ ಪರಿಸರಕ್ಕೆ ಆಗುವ ಹೊರೆ ಇನ್ನೊಬ್ಬರದಕ್ಕಿಂತ 50 ಪಟ್ಟು ಹೆಚ್ಚಿರಬಹುದು ಅಂತ ಅದರಲ್ಲಿ ಕಂಡಿತು. ಅಂಗಡಿಯ ಕಟ್ಟೆಯ ಮೇಲೆ ಆ ಎರಡೂ ಒಂದೇ ಥರ ಕಾಣುತ್ತವೆ. ದಿನವಿಡೀ ದುಡಿದು ಬಂದವರು ಅಲ್ಲಿ ನಿಂತು ಇದನ್ನು ಹೇಗೆ ಬಿಡಿಸಬೇಕು?

ಇನ್ನು ದುಡ್ಡು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಪೌಷ್ಟಿಕ ಊಟ ಕೊಳ್ಳುವ ಶಕ್ತಿಯೇ ಇಲ್ಲ. ಇದು ವಿಶ್ವಸಂಸ್ಥೆಯ ಸಂಸ್ಥೆಗಳದೇ ಲೆಕ್ಕ. ಅವರ ಹತ್ತಿರ ಹೋಗಿ ಆಯ್ಕೆ ಬದಲಿಸಿ ಅನ್ನುವುದು ನನ್ನಿಂದಾಗದು. ಇನ್ನೊಂದು ಕಡೆ, ಸರ್ಕಾರಗಳು ಕೃಷಿಗೆ ವರ್ಷಕ್ಕೆ ಸುಮಾರು 54,000 ಕೋಟಿ ಡಾಲರ್ ಬೆಂಬಲ ಕೊಡುತ್ತಿವೆ ಅಂತ 2021ರ ವರದಿಯೊಂದು ಹೇಳಿತು. ಅದರಲ್ಲಿ ಶೇ. 87 ಬೆಲೆಯನ್ನು ಏರುಪೇರು ಮಾಡುವಂಥದ್ದು, ಇಲ್ಲವೇ ಪರಿಸರಕ್ಕೂ ಸಮಾಜಕ್ಕೂ ಕೆಡುಕು ಮಾಡುವಂಥದ್ದು. ಯಾವುದು ಅಗ್ಗ, ಯಾವುದು ದುಬಾರಿ ಅನ್ನುವುದು ಬಹಳಷ್ಟು ಅಲ್ಲೇ ತೀರ್ಮಾನವಾಗಿರುತ್ತದೆ. ನಮ್ಮ ಕೈಚೀಲಕ್ಕೆ ಬರುವುದು ಆಮೇಲೆ.

ಸಾವಯವದ ಬಗ್ಗೆಯೂ ನೇರವಾಗಿ ಮಾತಾಡಬೇಕು. 1946ರಿಂದ ಇಷ್ಟೆಲ್ಲ ಪ್ರಾಮಾಣಿಕ ಜನ ದುಡಿದರು, ಇಷ್ಟು ಮನೆಗಳು ಹುಡುಕಿ ಕೊಂಡವು. ಇವತ್ತು ಜಗತ್ತಿನ ಕೃಷಿ ಭೂಮಿಯಲ್ಲಿ ಸಾವಯವದ ಪಾಲು ಸುಮಾರು ಶೇ. 2. ಅವರ ಶ್ರಮವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆ ವೇಗ ಸಾಲದು ಅನ್ನುತ್ತಿದ್ದೇನೆ.

ಮನೆಯಲ್ಲಿ ವ್ಯರ್ಥವಾಗುವ ಆಹಾರ ನಿಜಕ್ಕೂ ದೊಡ್ಡ ಪ್ರಶ್ನೆ. ಅಲ್ಲೂ ತಪ್ಪೆಲ್ಲ ಮನೆಯವರದಲ್ಲ. ಈ ದಿನದೊಳಗೆ ತಿಂದರೆ ಉತ್ತಮ ಅನ್ನುವುದು ರುಚಿಯ ಮಾತು. ಈ ದಿನದೊಳಗೆ ತಿನ್ನಲೇಬೇಕು ಅನ್ನುವುದು ಅಪಾಯದ ಮಾತು. ಪೊಟ್ಟಣದ ಮೇಲಿನ ಈ ಎರಡನ್ನೂ ಜನ ಒಂದೇ ಅಂದುಕೊಂಡು ಚೆನ್ನಾಗಿರುವುದನ್ನೂ ಎಸೆಯುತ್ತಾರೆ. ಯುರೋಪಿನಲ್ಲಿ ವ್ಯರ್ಥವಾಗುವ ಆಹಾರದಲ್ಲಿ ಶೇ. 10ರವರೆಗೆ ಈ ದಿನಾಂಕಗಳಿಗೆ ಸಂಬಂಧಿಸಿದ್ದು ಅಂತ ಅಂದಾಜಿದೆ. ಅದನ್ನು ಸರಿಪಡಿಸುವುದು ನಿಯಮ ಬರೆಯುವವರ ಕೆಲಸ.

ಶ್ರೀಲಂಕಾದಲ್ಲಿ ಆದದ್ದು ತಪ್ಪೇ. ಒಂದೇ ಏಟಿಗೆ, ತಯಾರಿ ಇಲ್ಲದೆ ಮಾಡಿದ್ದು. ತಾಳ್ಮೆಯಿಂದ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ಕೋಪನ್‌ಹೇಗನ್ ನಗರದ ಅಡುಗೆಮನೆಗಳನ್ನು ನೋಡಬೇಕು. ಇದು ನನಗೆ ತುಂಬ ಇಷ್ಟವಾದ ಕತೆ. ಶಿಶುವಿಹಾರ, ಶಾಲೆ, ವೃದ್ಧಾಶ್ರಮ ಅಂತ ನಗರ ನಡೆಸುವ ನೂರಾರು ಅಡುಗೆಮನೆಗಳಲ್ಲಿ ಶೇ. 90 ಸಾವಯವ ಪದಾರ್ಥ ಬಳಸಬೇಕು ಅಂತ ಗುರಿ ಇಟ್ಟುಕೊಂಡರು. 2007ರಲ್ಲಿ ಇದಕ್ಕಾಗಿಯೇ ಒಂದು ಆಹಾರ ಸಂಸ್ಥೆ ಕಟ್ಟಿದರು. ಅಡುಗೆಯವರಿಗೆ ತರಬೇತಿ ಕೊಡಲು ಹಣ ಇಟ್ಟರು. ಆದರೆ ಸಾಮಾನು ಕೊಳ್ಳುವ ಬಜೆಟ್ ಹೆಚ್ಚಿಸಲಿಲ್ಲ. ಹಾಗಾದರೆ ಲೆಕ್ಕ ಹೇಗೆ ಹೊಂದಿತು?

ಅಡುಗೆಯವರ ಕೈಯಿಂದ. ಮಾಂಸ ಕಡಿಮೆ ಮಾಡಿದರು. ಕಾಳು, ತರಕಾರಿ ಜಾಸ್ತಿ ಮಾಡಿದರು. ಆಯಾ ಕಾಲದಲ್ಲಿ ಸಿಗುವುದನ್ನೇ ಬಳಸಿದರು. ಅರ್ಧ ತಯಾರಾಗಿ ಬರುವ ಪೊಟ್ಟಣ ಬಿಟ್ಟು ಮೊದಲಿನಿಂದ ಬೇಯಿಸಿದರು, ಬ್ರೆಡ್ಡನ್ನೂ ತಾವೇ ಸುಟ್ಟರು. ಎಸೆಯುವುದನ್ನು ತಗ್ಗಿಸಿದರು. ಪೊಟ್ಟಣ ಬಿಚ್ಚಿ ಬಿಸಿ ಮಾಡುತ್ತಿದ್ದವರು ಮತ್ತೆ ಅಡುಗೆಯವರಾದರು. ಗುರಿಯ ಹತ್ತಿರ ಹತ್ತಿರ ಮುಟ್ಟಿದರು. ಒಂದು ಊರಿನ ಇಷ್ಟು ಅಡುಗೆಮನೆಗಳು ದಿನಾ ಕೊಳ್ಳುತ್ತವೆ ಅಂದ ಮೇಲೆ ಸುತ್ತಲಿನ ರೈತರಿಗೂ ಒಂದು ನೆಚ್ಚಿಕೆ ಬರುತ್ತದೆ.

ಸೇಕಾತ್ಸು ಹೆಂಗಸರ ಮೇಲೆ ನನಗೂ ತುಂಬ ಗೌರವ. ಆದರೆ ಅವರು ಚುನಾವಣೆಗೆ ನಿಂತದ್ದು ಯಾಕೆ? ಕೊಳ್ಳುವುದರಿಂದ ಎಲ್ಲವೂ ಆಗುವಂತಿದ್ದರೆ ಅದರ ಅಗತ್ಯವೇ ಇರಲಿಲ್ಲ. ನೀರು ಎಲ್ಲರದು, ಅದನ್ನು ಕಾಯಲು ಎಲ್ಲರಿಗೂ ಅನ್ವಯಿಸುವ ನಿಯಮ ಬೇಕು ಅನ್ನುವುದು ಅವರಿಗೆ ತಿಳಿದಿತ್ತು.

ಬ್ರೆಜಿಲ್ 2009ರಲ್ಲಿ ಒಂದು ಕಾನೂನು ಮಾಡಿತು. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30 ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲೇಬೇಕು ಅಂತ ಆಗ ಬರೆದರು. ಆ ಊಟ ಸುಮಾರು 4 ಕೋಟಿ ಮಕ್ಕಳಿಗೆ ಸಿಗುತ್ತದೆ. ನನ್ನ ಬೆಳೆಯನ್ನು ಯಾರು ಕೊಳ್ಳುತ್ತಾರೆ ಅಂತ ಅಲ್ಲಿನ ರೈತನಿಗೂ ಮೊದಲೇ ಗೊತ್ತು, ಟೇಕೆಯ ರೈತನಿಗೆ ಗೊತ್ತಿದ್ದ ಹಾಗೆಯೇ. ಆದರೆ ತಟ್ಟೆಯ ಮುಂದೆ ಕೂತ ಮಗುವಿನ ಅಪ್ಪ ಅಮ್ಮ ಅದಕ್ಕೆ ಮುಂಗಡ ಕಟ್ಟಬೇಕಾಗಿಲ್ಲ.