ರಬ್ಬರು ಅಪ್ಪನ ಕೈಗೆ ಸಿಕ್ಕಾಗ

ಶುಕ್ರವಾರ ಸಂಜೆ ಮಗಳ ಬ್ಯಾಗಿನ ತಳದಿಂದ ನಾಲ್ಕಾಗಿ ಮಡಿಚಿದ ಒಂದು ಕಾಗದ ಹೊರಬರುತ್ತದೆ. ಮೇಲ್ಗಡೆ ‘ಈ ವಾರ ಕಲಿತದ್ದು’, ಕೆಳಗಡೆ ‘ಮನೆಯಲ್ಲಿ ಮಾಡಬೇಕಾದದ್ದು’. ಏಳರ ಮಗ್ಗಿ, ಸಾಲ ತಂದು ಕಳೆಯುವ ಲೆಕ್ಕ, ಹತ್ತು ಪದಗಳ ಉಕ್ತಲೇಖನ, ಬೇರು ಕಾಂಡ ಎಲೆಯ ಚಿತ್ರ, ದಿನಕ್ಕೆ 10 ನಿಮಿಷ ಗಟ್ಟಿಯಾಗಿ ಓದಿಸಿ ಸಹಿ. ಮೂರನೇ ಕ್ಲಾಸಿನ ಒಂದು ವಾರ ಅಂದರೆ ಇಷ್ಟೇ. ಶುಕ್ರವಾರ ನೋಡಿದಾಗ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಿಂದಲೇ ಅದು ಭಾನುವಾರ ರಾತ್ರಿಯವರೆಗೆ ಅಲ್ಲೇ ಇರುತ್ತದೆ.

ಸಹಿಯ ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐದು ದಿನದ ಸಹಿಯನ್ನೂ ನಾನು ಭಾನುವಾರವೇ ಹಾಕುವುದು. ಅನುಮಾನ ಬರಬಾರದೆಂದು ಎರಡು ಪೆನ್ನು ಬಳಸುತ್ತೇನೆ. ಕಳೆದ ತಿಂಗಳು ಮಗಳು ಪಕ್ಕದಲ್ಲೇ ನಿಂತು ನೋಡಿ, “ಅಪ್ಪ, ಬುಧವಾರ ನೀನು ಊರಲ್ಲೇ ಇರ್ಲಿಲ್ಲ” ಅಂದಳು. ಬುಧವಾರದ ಸಹಿಯನ್ನು ಅವಳ ಅಮ್ಮನಿಂದ ಹಾಕಿಸಬೇಕಾಯಿತು.

ವಾರದ ಪಾಠವನ್ನು ಒಂದೇ ರಾತ್ರಿ ತುರುಕುವುದು ಎಂಥ ದಡ್ಡತನ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅರ್ಥವಿಲ್ಲದ ಅಕ್ಷರದ ತುಣುಕುಗಳನ್ನು ಸಾಲಾಗಿ ಜೋಡಿಸಿ ಬಾಯಿಪಾಠ ಮಾಡುತ್ತಿದ್ದ. ಮೂರು ದಿನಕ್ಕೆ ಹಂಚಿಕೊಂಡು 38 ಸಲ ಓದಿದರೆ ಎಷ್ಟು ನಿಲ್ಲುತ್ತಿತ್ತೋ, ಒಂದೇ ದಿನ ಕೂತು 68 ಸಲ ಓದಿದರೂ ಹೆಚ್ಚುಕಡಿಮೆ ಅಷ್ಟೇ ನಿಲ್ಲುತ್ತಿತ್ತಂತೆ. ಇದನ್ನು ನಾನು ಮಗಳಿಗೆ ಹೇಳಿದ್ದೂ ಒಂದು ಭಾನುವಾರ ರಾತ್ರಿಯೇ.

ಮಗ್ಗಿ ಮಾತ್ರ ನೋಡುವಷ್ಟು ದೊಡ್ಡ ಭೂತವಲ್ಲ. ಒಂದರಿಂದ ಹತ್ತರವರೆಗೆ ಒಟ್ಟು 100 ಸಾಲು. ಆದರೆ ಏಳೆಂಟ್ಲ ಅಂದರೂ ಎಂಟೇಳ್ಲ ಅಂದರೂ ಐವತ್ತಾರೇ ಅಲ್ವಾ? ಹಾಗೆ ಜೋಡಿಗಳನ್ನು ಸೇರಿಸಿದರೆ 55 ಉಳಿಯುತ್ತವೆ. ಒಂದು, ಎರಡು, ಐದು, ಹತ್ತು ಬರುವವನ್ನು ತೆಗೆದರೆ 21. ಒಂಬತ್ತಕ್ಕೆ ಬೆರಳಿನ ಉಪಾಯ ಇದೆ: ಒಂಬತ್ನಾಲ್ಕು ಬೇಕಾದರೆ ಎಡದಿಂದ ನಾಲ್ಕನೇ ಬೆರಳು ಮಡಿಚಿ, ಎಡಕ್ಕೆ ಮೂರು, ಬಲಕ್ಕೆ ಆರು, ಮೂವತ್ತಾರು. ಒಂಬತ್ತನ್ನೂ ಬಿಟ್ಟರೆ ನಿಜವಾಗಿ ಕಷ್ಟಪಟ್ಟು ಕಲಿಯಬೇಕಾದ್ದು 15 ಸಾಲು. ಇಷ್ಟಕ್ಕೆ ನಾವು ಎಷ್ಟು ಕಣ್ಣೀರು ಹಾಕಿದ್ದೆವು!

ಉಕ್ತಲೇಖನದಲ್ಲಿ ಪರೀಕ್ಷೆ ಆಗುವುದು ಹೇಳುವವನಿಗೆ. ‘ಅಭ್ಯಾಸ’ವನ್ನು ನಾನು ಮಾಮೂಲಾಗಿ ಹೇಳಿದರೆ ‘ಅಬ್ಯಾಸ’ ಎಂದೇ ಕೇಳಿಸುತ್ತದೆ. ಹೊಟ್ಟೆಯಿಂದ ಉಸಿರು ತಂದು ‘ಭ್ಯಾ’ ಅಂದರೆ ಅವಳು ನಗುತ್ತಾಳೆ, ಉತ್ತರವೂ ಗೊತ್ತಾಗಿಬಿಡುತ್ತದೆ. ‘ವಿದ್ಯಾರ್ಥಿ’ಯಲ್ಲಿ ಇನ್ನೊಂದು ತಕರಾರು. ಬಾಯಲ್ಲಿ ಮೊದಲು ಬರುವ ‘ರ’ಕಾರ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಕೊನೆಗೆ ಹೋಗಿ ನಿಲ್ಲುತ್ತದೆ. “ಮೊದ್ಲು ಬಂದೋರು ಮುಂದೆ ನಿಲ್ಬೇಕು ತಾನೇ?” ಎಂದು ಕೇಳಿದಳು. ಸಾಲು ತಪ್ಪಿಸಬಾರದೆಂದು ಕ್ಲಾಸಿನಲ್ಲಿ ಅದೇ ವಾರ ಹೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. “ಬರಿ, ಸುಮ್ನೆ” ಅಂದೆ.

ಇಷ್ಟೂ ಮುಗಿದು ಕಳೆಯುವ ಲೆಕ್ಕಕ್ಕೆ ಬರುವಾಗ ಗಂಟೆ ಒಂಬತ್ತಾಗಿತ್ತು. 52ರಲ್ಲಿ 38 ಕಳೆದು 26 ಎಂದು ಬರೆದಿದ್ದಳು. ನಾನು ರಬ್ಬರು ತೆಗೆದುಕೊಂಡೆ. ಇದು ನನ್ನ ಹಳೇ ಚಾಳಿ. ತಪ್ಪು ಕಂಡ ಕೂಡಲೇ ಉಜ್ಜಿ, ಪುಡಿ ಊದಿ, “ಈಗ ಬರಿ, ಹದಿನಾಲ್ಕು” ಅನ್ನುವುದು. ಅವಳು ಬರೆಯುತ್ತಾಳೆ. ಪುಸ್ತಕ ಚಂದ ಕಾಣುತ್ತದೆ. ಸೋಮವಾರ ನನ್ನ ಹದಿನಾಲ್ಕಕ್ಕೆ ಒಂದು ಸ್ಟಾರ್ ಬರುತ್ತದೆ.

ಆವತ್ತು ಯಾಕೋ ಮುಂದಿನ ಲೆಕ್ಕ ನೋಡಿದೆ. 71ರಲ್ಲಿ 46 ಹೋದರೆ 35. ಅದರ ಕೆಳಗೆ 63ರಲ್ಲಿ 27 ಹೋದರೆ 44. ಮೂರೂ ತಪ್ಪು, ಮೂರೂ ಒಂದೇ ತಪ್ಪು. ಪ್ರತಿ ಸಾಲಿನಲ್ಲೂ ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ಕೇಳಿದರೆ, “ದೊಡ್ಡದ್ರಿಂದ ಚಿಕ್ಕದನ್ನ ಕಳೀಬೇಕು ಅಂತ ಹೋದ ವರ್ಷ ನೀನೇ ಹೇಳಿದ್ದೆ.” ಹೇಳಿದ್ದೆ. ಅವಳು ನನ್ನ ಮಾತನ್ನು ನನಗಿಂತ ಜಾಸ್ತಿ ನಂಬಿದ್ದಳು.

“ಎರಡರಿಂದ ಎಂಟು ಹೋಗಲ್ಲ ಪುಟ್ಟಿ, ಪಕ್ಕದ ಐದರ ಹತ್ತಿರ ಸಾಲ ತರಬೇಕು” ಎಂದೆ.

“ವಾಪಸ್ ಯಾವಾಗ ಕೊಡೋದು?”

ಮೂವತ್ತು ವರ್ಷದಿಂದ ನಾನು ಸಾಲ ತಂದು ಕಳೆಯುತ್ತಲೇ ಇದ್ದೇನೆ, ಒಂದು ಸಲವೂ ವಾಪಸ್ ಕೊಟ್ಟಿಲ್ಲ. ಯೋಚಿಸಿದರೆ ಅದು ಸಾಲವೇ ಅಲ್ಲ. ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿ ಬಿಡಿ ಮಾಡಿಕೊಳ್ಳುವುದು, ಅಷ್ಟೇ. ಐದು ಕಟ್ಟು, ಎರಡು ಬಿಡಿ ಇದ್ದದ್ದು ನಾಲ್ಕು ಕಟ್ಟು, ಹನ್ನೆರಡು ಬಿಡಿ ಆಗುತ್ತದೆ. ಕಡ್ಡಿ ಒಂದೂ ಕಮ್ಮಿಯಾಗಲಿಲ್ಲ. ಇದನ್ನು ‘ಸಾಲ’ ಅಂದವರು ಯಾರೋ, ಆಗ ಯಾವ ಕಷ್ಟದಲ್ಲಿದ್ದರೋ.

ಇದನ್ನೆಲ್ಲ ಅವಳಿಗೆ ವಿವರಿಸುವಷ್ಟರಲ್ಲಿ ಅವಳ ತಲೆ ಪುಸ್ತಕದ ಮೇಲೆ ವಾಲಿತ್ತು. ನಿದ್ದೆ. ನಾನು, ರಬ್ಬರು, ಮೂರು ತಪ್ಪು ಲೆಕ್ಕ ಉಳಿದೆವು.

ಆಗ ನೆನಪಾದದ್ದು ನಿಪ್ಪೂರಿನ ಮಕ್ಕಳು. ಇವತ್ತಿನ ಇರಾಕಿನಲ್ಲಿರುವ ಆ ಹಳೇ ಪಟ್ಟಣದಲ್ಲಿ, ಸುಮಾರು 4,000 ವರ್ಷದ ಹಿಂದಿನ ಶಾಲೆ ಮಕ್ಕಳ ಜೇಡಿಮಣ್ಣಿನ ಹಲಗೆಗಳು ರಾಶಿ ರಾಶಿ ಸಿಕ್ಕಿವೆ. ಅವುಗಳಲ್ಲೂ ಮಗ್ಗಿ ಇದೆ, ಪದಗಳ ಪಟ್ಟಿ ಇದೆ. ಒಂದು ಬಗೆಯ ಹಲಗೆಯಲ್ಲಿ ಎಡಗಡೆ ಮೇಷ್ಟ್ರ ಬರಹ, ಬಲಗಡೆ ಹುಡುಗ ಅದನ್ನೇ ನೋಡಿ ಬರೆಯಬೇಕು. ತಪ್ಪಿದರೆ ಹಸಿ ಮಣ್ಣನ್ನು ಒರೆಸಿ ಮತ್ತೆ ಬರೆಯಬೇಕು. ಒರೆಸಿ ಒರೆಸಿ ಬಲಗಡೆಯ ಮಣ್ಣು ಎಡಗಡೆಗಿಂತ ತೆಳ್ಳಗಾಗಿದೆ. ಹುಡುಗ ಏನು ತಪ್ಪು ಬರೆದಿದ್ದನೋ ಗೊತ್ತಾಗುವುದಿಲ್ಲ, ತಪ್ಪಿದ್ದ ಅನ್ನುವುದು ಮಾತ್ರ ಇವತ್ತಿಗೂ ಕೈಗೆ ತಾಗುತ್ತದೆ. ಒರೆಸಿದ್ದು ಅವನೇ ಇರಬೇಕು, ಅವನಪ್ಪನಲ್ಲ ಅಂದುಕೊಂಡೆ. ಖಾತ್ರಿಯೇನಿಲ್ಲ, ಅಪ್ಪಂದಿರು ಆಗಲೂ ಇದ್ದರು.

ರಬ್ಬರನ್ನು ಡಬ್ಬಿಯಲ್ಲಿಟ್ಟು ಲೆಕ್ಕಗಳನ್ನು ಹಾಗೇ ಬಿಟ್ಟೆ. ಕೈ ಕಟ್ಟಿಹಾಕಿದ ಹಾಗಾಯಿತು. ರಾತ್ರಿ ಎದ್ದು ನೀರು ಕುಡಿಯಲು ಹೋದಾಗ ಇನ್ನೊಂದು ಸಲ ಬ್ಯಾಗಿನ ಕಡೆ ನೋಡಿದ್ದೂ ಉಂಟು.

ಸೋಮವಾರ ಪುಸ್ತಕ ವಾಪಸ್ ಬಂತು. ಕೆಂಪು ಇಂಟು ಗುರುತು ಇರಲಿಲ್ಲ. 26ರ ಪಕ್ಕದಲ್ಲಿ ಮಿಸ್ ಐದು ಕಡ್ಡಿ ಕಟ್ಟು ಬರೆದು, ಒಂದರ ದಾರ ಬಿಚ್ಚಿದ ಹಾಗೆ ಚಿತ್ರ ಮಾಡಿದ್ದರು. ಕ್ಲಾಸಿನಲ್ಲಿ ಇನ್ನೂ ಎಷ್ಟೋ ಮಕ್ಕಳದು ಹಾಗೇ ಇತ್ತಂತೆ.

ಶುಕ್ರವಾರ ಮತ್ತೆ ಕಾಗದ ಬಂತು. ‘ಈ ವಾರವೂ ಕಳೆಯುವ ಲೆಕ್ಕ. ಹೆಚ್ಚಿಗೆ 20.’ ಮಗಳು ಓದಿ ನನ್ನ ಮುಖ ನೋಡಿದಳು.

“ನೀನು ಆವತ್ತು ಅಳಿಸಿದ್ರೆ ಇಷ್ಟೊಂದು ಬರ್ತಾನೇ ಇರ್ಲಿಲ್ಲ.”